ಇವರ ಹೊಟ್ಟೆಯ ವಿಷಯ

ವನಗೂರು
೯ ಆಗಸ್ಟ್ ೨೦೨೪

ಪ್ರೀತಿಯ ಅಕ್ಕನಿಗೆ ಗಂಗಾಮಣಿ ಮಾಡುವ ನಮಸ್ಕಾರ.

ನಿನ್ನ ಕಾಗದ ಬಂದು ತಿಂಗಳಾಯಿತು. ಉತ್ತರ ಬರೆಯದೆ ಕೂತಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಫೋನ್ ಮಾಡೋಣವೆಂದರೆ ಇವರು ಪಕ್ಕದಲ್ಲೇ ಕೂತಿರುತ್ತಾರೆ, ನಾನು ಹೇಳಬೇಕಾದದ್ದು ಇವರದೇ ಹೊಟ್ಟೆಯ ವಿಷಯ. ಭಾವನ ಮಂಡಿನೋವು ಹೇಗಿದೆ? ಇಲ್ಲಿ ಏಲಕ್ಕಿ ಕೊಯ್ಲು ಶುರುವಾಗಿದೆ.

ಮಳೆ ಹಿಡಿದಾಗಿನಿಂದ ಇವರಿಗೆ ಹೊಟ್ಟೆಯುಬ್ಬರ. ಬೆಳಗಿನ ತಿಂಡಿಯಾದ ಸ್ವಲ್ಪ ಹೊತ್ತಿಗೇ ಹೊಟ್ಟೆ ಡೊಳ್ಳಿನ ಹಾಗೆ ಬಿಗಿಯುತ್ತಿತ್ತು. ಒಂದು ದಿನ ಎದೆಯೂ ಹಿಡಿದುಕೊಂಡು, ಹೆದರಿ ಜೀಪಿನಲ್ಲಿ ಸಕಲೇಶಪುರಕ್ಕೆ ಓಡಿದೆವು. ಇಸಿಜಿ ತೆಗೆದ ಡಾಕ್ಟರು ಹೃದಯ ಚೆನ್ನಾಗಿದೆ, ಬರೀ ಗ್ಯಾಸು ಎಂದರು. ಜೀರಿಗೆ ಕಷಾಯ, ಓಮದ ನೀರು ಎಲ್ಲ ಮಾಡಿಕೊಟ್ಟೆ. ತಂಪಾಗಲಿ ಎಂದು ನಮ್ಮ ಹಸುವಿನ ಹಾಲನ್ನು ಲೋಟದ ತುಂಬ ಕೊಟ್ಟೆ. ಕಡಿಮೆಯಾಗಲಿಲ್ಲ.

ಹೋದ ತಿಂಗಳು ಇದ್ದಕ್ಕಿದ್ದಂತೆ "ನಂಗಿನ್ನು ಹಾಲ್ ಬ್ಯಾಡ ಕಣೆ, ಕರೀ ಕಾಫಿ ಕೊಡು" ಎಂದರು. ಅಲಸಂದೆ ಸಾರನ್ನು ಬದಿಗೆ ಸರಿಸಿದರು. ಅಗಿದು ಅಗಿದು ತಿನ್ನತೊಡಗಿದರು. ವಾರ ಕಳೆಯುವಷ್ಟರಲ್ಲಿ ಹೊಟ್ಟೆ ಇಳಿಯಿತು. ನಾನು ಸಂತೋಷಪಡಬೇಕಿತ್ತು. ಯಾರು ಹೇಳಿಕೊಟ್ಟಿದ್ದು ಎಂದು ಕೇಳಿದೆ. "ನಯನಾ" ಎಂದರು.

ನಯನಾ ಇವರ ಜೊತೆ ಹೈಸ್ಕೂಲು ಓದಿದವಳು. ಮೈಸೂರಿನಲ್ಲಿ ನರ್ಸ್ ಆಗಿದ್ದವಳು ಈಗ ಕೆಲಸ ಬಿಟ್ಟು ಹೊಂಗಡಹಳ್ಳದಲ್ಲಿರುವ ತಮ್ಮನ ಮನೆಗೆ ಬಂದಿದ್ದಾಳೆ. ಪೇಟೆಗೆ ಹೋಗುವಾಗ ಇವರು ಅವಳನ್ನೂ ಜೀಪಿಗೆ ಹತ್ತಿಸಿಕೊಳ್ಳುತ್ತಾರೆ. ಅಕ್ಕ, ನನ್ನ ಮುಂದೆ ಗಟ್ಟಿಯಾಗಿ ತೇಗಲೂ ನಾಚುವ ಮನುಷ್ಯ ಅವಳ ಹತ್ತಿರ ಗಾಳಿ ಹೋಗುವ ಮಾತನ್ನೂ ಆಡಿದ್ದಾರಂತೆ. ಗಂಡಸು ಅಂಥ ಮಾತನ್ನು ಯಾರ ಹತ್ತಿರ ಆಡುತ್ತಾನೆ ಹೇಳು? ಇಬ್ಬರೂ ನಗುತ್ತ ಕೂತಿರುವುದು ಕಣ್ಣಿಗೆ ಕಟ್ಟಿ ನನಗೆ ಕೈಕೆಲಸ ಸಾಗಲಿಲ್ಲ.

ತಡೆಯಲಾರದೆ ಬುಧವಾರ ಬಸ್ಸು ಹತ್ತಿ ಅವಳ ಮನೆಗೇ ಹೋದೆ. "ನಮ್ಮನೆಯವ್ರು ಏನ್ ತಿನ್ಬೇಕು ಅಂತ ನೀವ್ಯಾಕೆ ಹೇಳ್ತೀರಾ?" ಎಂದೆ.

ಅವಳು ಕೋಪ ಮಾಡಿಕೊಳ್ಳಲಿಲ್ಲ. "ಕೂತ್ಕೊಳ್ಳಿ. ವಯಸ್ಸಾದಂಗೆ ಕೆಲವ್ರಿಗೆ ಹಾಲಲ್ಲಿರೋ ಸಕ್ಕರೆ ಅರಗಲ್ಲ ಕಣ್ರೀ. ಅದು ಹಂಗೇ ದೊಡ್ಡ ಕರುಳಿಗೆ ಹೋಯ್ತದೆ, ಅಲ್ಲಿರೋ ಸೂಕ್ಷ್ಮಜೀವಿಗಳು ಅದನ್ನ ಹುಳಿ ಬರಿಸ್ತವೆ. ದೋಸೆ ಹಿಟ್ಟು ಉಬ್ಬಲ್ವಾ, ಹಂಗೆ. ಕಾಳೂ ಅಷ್ಟೇಯ. ಗಬಗಬ ತಿಂದ್ರೆ ಗಾಳಿನೂ ನುಂಗ್ತೀವಿ. ನೀವ್ ಮಾಡಿದ್ರಲ್ಲಿ ತಪ್ಪೇನಿಲ್ಲ" ಎಂದಳು.

ಅವಳ ತಿಳಿವಳಿಕೆ ಕಂಡು, ನರೆತ ಕೂದಲಲ್ಲೂ ಲಕ್ಷಣವಾಗಿದ್ದ ಅವಳ ಮುಖ ಕಂಡು ನನ್ನ ಹೊಟ್ಟೆಕಿಚ್ಚು ಇನ್ನಷ್ಟು ಹೆಚ್ಚಿತು.

ಮನೆಗೆ ಬಂದು ಇವರನ್ನೇ ಕೇಳಿದೆ, "ಹಾಲು ಆಗಲ್ಲ ಅಂತ ನಂಗ್ಯಾಕೆ ಹೇಳ್ಲಿಲ್ಲ?"

"ನೀನು ಚಳೀಲಿ ಎದ್ದು ಕರ್ದು, ಕಾಯ್ಸಿ ತಂದ್ ಕೊಡ್ತೀಯ. ಹೆಂಗೆ ಬ್ಯಾಡ ಅನ್ನಾದು?" ಎಂದರು.

ಆ ಮಾತಿಗೆ ಮನಸ್ಸು ಕರಗಿತು. ಆದರೂ ನಿನ್ನೆ ಜೀಪು ಹೊರಟ ಸದ್ದಾದಾಗ ಕಿಟಕಿಗೆ ಹೋಗಿ ನಿಂತೆ. ಯಾವ ಕಡೆಗೆ ತಿರುಗುತ್ತದೋ ನೋಡಲು.

ಭಾವನಿಗೆ ನಮಸ್ಕಾರ ತಿಳಿಸು. ನಿನ್ನ ಮಗಳು ಮಾನಸಾಳಿಗೂ ಅವಳ ಕೂಸಿಗೂ ನನ್ನ ಆಶೀರ್ವಾದ. ನಿಮಗೆಲ್ಲ ಉಂಡದ್ದು ಮೈಗೆ ಹತ್ತಲಿ.

ಇಂತಿ ನಿನ್ನ ತಂಗಿ,
ಗಂಗಾಮಣಿ

ವಿ.ಸೂ.: ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ನಾನು ಹೊರಡುವಾಗ ನಯನಾ ನನ್ನ ಸೀರೆಯ ನಿರಿಗೆಯ ಕಡೆ ನೋಡಿ, "ನಿಮ್ ಹೊಟ್ಟೆನೂ ಉಬ್ಬೈತಲ್ಲ, ಯಾವಾಗಿಂದ?" ಎಂದಳು. ಯುಗಾದಿಯಿಂದ ಎಂದೆ. ನಾಲ್ಕು ತುತ್ತಿಗೇ ಹೊಟ್ಟೆ ತುಂಬಿಬಿಡುತ್ತದೆ, ಉಬ್ಬರ ಇಳಿಯುವುದೇ ಇಲ್ಲ. "ಮುಟ್ಟು ನಿಂತ್ಮೇಲೆ ಹಿಂಗೆ ಬಿಡದಂಗೆ ಉಬ್ಬಿದ್ರೆ ಗ್ಯಾಸು ಅಂತ ಸುಮ್ನೆ ಕೂರಬಾರ್ದು. ಸ್ಕ್ಯಾನ್ ಮಾಡ್ಸನ. ನಾನೇ ಜೊತೇಲಿ ಬತ್ತೀನಿ" ಎಂದಳು. ಸೋಮವಾರ ಹಾಸನಕ್ಕೆ ಹೋಗುತ್ತಿದ್ದೇವೆ. ಭಯವಾಗುತ್ತದೆ ಅಕ್ಕ. ಆದರೆ ಅದಕ್ಕಿಂತ ಹೆಚ್ಚಾಗಿ ಚುಚ್ಚುವುದು ಬೇರೆ. ಯುಗಾದಿಯಿಂದ ನಾನು ದಿನವೂ ಅರ್ಧ ಅನ್ನ ಬಿಟ್ಟು ಏಳುತ್ತಿದ್ದೇನೆ. ಇವರು ಎದುರಿಗೇ ಕೂತು ಉಣ್ಣುತ್ತಾರೆ. ಏನಾಯ್ತು ಎಂದು ಕೇಳಿದವಳು ಮಾತ್ರ ಅವಳು.