ಹೆಸರಿಲ್ಲದ ಚೀಟಿ

ಆಲ್ಮೆರೆ, ನೆದರ್ಲೆಂಡ್ಸ್
೧೨ ಮೇ ೨೦೨೫

ಪ್ರೀತಿಯ ಅಪ್ಪನಿಗೆ,

ನಿಮ್ಮ ಮಾನಸಳ ನಮಸ್ಕಾರ. ಕಿವಿ ಮಂದವಾದ ಮೇಲೆ ನೀವು, ಫೋನ್ ಬೇಡ, ಕೈಯಾರೆ ಬರೆ ಎಂದಿರಿ. ಆಗಲಿ ಎಂದವಳು ಎರಡು ತಿಂಗಳು ತಡ ಮಾಡಿದ್ದೇನೆ. ಕೋಪ ಬೇಡ, ಮೇಷ್ಟ್ರ ಮಗಳು ಹೋಮ್‌ವರ್ಕ್‌ನಲ್ಲಿ ಯಾವತ್ತೂ ಹಿಂದೆಯೇ. ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದೀರಾ, ಇಲ್ಲ ಬಾಟಲಿ ಕಿಟಕಿಯಲ್ಲೇ ಕೂತಿದೆಯಾ?

ಶ್ರಾವ್ಯಳಿಗೆ ಎಂಟು ತುಂಬಿತು. ಸೈಕಲ್ಲಿನಲ್ಲಿ ನನ್ನನ್ನೇ ಹಿಂದೆ ಹಾಕುತ್ತಾಳೆ. ನಾನು ಆಮ್‌ಸ್ಟರ್‌ಡ್ಯಾಮಿನಿಂದ ಬಂದು ರೈಲಿಳಿಯುವಾಗ ಆರೂವರೆ, ನಿಮ್ಮ ಅಳಿಯ ತನ್ಮಯ್ ಇನ್ನೂ ತಡ. ಅಲ್ಲಿಯವರೆಗೆ ಮಗಳು ಪಕ್ಕದ ಬೀದಿಯ ವತ್ಸಲಾ ಮನೆಯಲ್ಲಿರುತ್ತಾಳೆ, ಊಟವೂ ಅಲ್ಲೇ. ಅವಳಿಗೆಂದೇ ಮೊಲದ ಚಿತ್ರದ ಹಳದಿ ತಟ್ಟೆಯೊಂದನ್ನು ತಂದಿಟ್ಟಿದ್ದಾರೆ. ಮಾರ್ಚಿನಲ್ಲಿ ವತ್ಸಲಾಳ ಅತ್ತೆ ಇಂದಿರಮ್ಮ ಮೈಸೂರಿನಿಂದ ಬಂದರು. ಮಡಿಯವರು. ಅವರ ಲೋಟ ಬೇರೆ ಮೂಲೆಯಲ್ಲಿ ಬೋರಲಾಗಿ ಇರುತ್ತದೆ. ಒಂದು ದಿನ ಶ್ರಾವ್ಯ ಅದರಲ್ಲೇ ನೀರು ಕುಡಿದಾಗ ನಾನು ಕಸಿದುಕೊಳ್ಳಲು ಹೋದೆ. ಇಂದಿರಮ್ಮ ನಕ್ಕು, "ಕುಡೀಲಿ ಬಿಡಮ್ಮ, ನಮ್ಮ ಮಗೂನೇ ಅಲ್ವಾ" ಎಂದರು. ಬೆನ್ನಿಗೇ, "ನಿಮ್ಮ ಮನೆದೇವ್ರು ಯಾವ್ದು?" ಎಂದೂ ಕೇಳಿದರು. ನಂಜುಂಡೇಶ್ವರ ಎಂದು ಹೇಳಿ, ಮಗಳ ಜಾಕೆಟ್ ಹುಡುಕುವ ನೆಪದಲ್ಲಿ ಎದ್ದುಬಿಟ್ಟೆ.

ನಾವು ದಲಿತರೆಂದು ಇಲ್ಲಿ ಯಾರಿಗೂ ಹೇಳಿಲ್ಲ ಅಪ್ಪ. ಹೇಳಿದರೆ ಆ ಹಳದಿ ತಟ್ಟೆಯೂ ಒಂದು ದಿನ ಬೇರೆ ಮೂಲೆಗೆ ಹೋದೀತೆಂಬ ಭಯ. ಬೈಯುತ್ತೀರಿ, ಬೈಯಿರಿ.

ನಮ್ಮ ಕನ್ನಡ ಓದುಗರ ಬಳಗ ಸೇರುವುದೂ ವತ್ಸಲಾ ಮನೆಯಲ್ಲೇ. ಈ ಸಲದ್ದು ಅಮೆರಿಕದ ಕಪ್ಪು ಜನರ ಹಕ್ಕಿನ ಹೋರಾಟದ ಕಾಲದ ಕಾದಂಬರಿ. ಬಿಳಿಯರಿಗೆ ಮಾತ್ರ ಎಂದಿದ್ದ ಹೋಟೆಲಿಗೆ ಮೂವರು ಹುಡುಗಿಯರು ಹೋಗಿ ಕೂರುತ್ತಾರೆ, ತಲೆಯ ಮೇಲೆ ಸಾರು ಸುರಿದರೂ ಏಳುವುದಿಲ್ಲ. ಓದುವಷ್ಟು ಹೊತ್ತೂ ನನ್ನ ಕಣ್ಣ ಮುಂದೆ ನೀವೇ ಇದ್ದಿರಿ.

ಹೋದ ವರ್ಷ ಅಭಿಪ್ರಾಯ ಹೇಳಲು ಹೋಗಿ ಇಬ್ಬರು ಮಾತು ಬಿಟ್ಟಿದ್ದರು. ಅಂದಿನಿಂದ ಹೆಸರಿಲ್ಲದ ಚೀಟಿ ಬರೆದು ಅವಲಕ್ಕಿ ಡಬ್ಬಿಗೆ ಹಾಕುವುದು, ವತ್ಸಲಾ ಓದುವುದು. ಹೆಸರಿಲ್ಲವಲ್ಲ ಎಂಬ ಧೈರ್ಯದಲ್ಲಿ ನಾನು ನಿಮ್ಮ ಕಥೆ ಬರೆದೆ. ಅರವತ್ತೆಂಟನೇ ಇಸವಿಯಲ್ಲಿ, ಹದಿನೇಳರ ನನ್ನಪ್ಪ, ನಮ್ಮವರಿಗೆಂದು ಸೂರಿಗೆ ಸಿಕ್ಕಿಸಿದ ತೆಂಗಿನ ಚಿಪ್ಪು ಬೇಡವೆಂದು ಹೋಟೆಲಿನ ಬೆಂಚಿನ ಮೇಲೆ ಕೂತು ಗಾಜಿನ ಲೋಟದಲ್ಲಿ ಟೀ ಕೇಳಿದ್ದು. ಅಪ್ಪ ಕುಡಿದ ಲೋಟವನ್ನು ಹೋಟೆಲಿನವನು ಅವನೆದುರೇ ಬೀದಿಗೆಸೆದು ಒಡೆದದ್ದು. ಮಾರನೆಯ ದಿನವೂ ಅಪ್ಪ ಹೋಗಿ ಕೂತದ್ದು.

ಮೊನ್ನೆ ಶನಿವಾರ ಮಧ್ಯಾಹ್ನ ಡಬ್ಬಿ ತೆರೆದರು. ಒಬ್ಬರಿಗೆ ಎರಡನೇ ಭಾಗ ಉದ್ದವಾಯಿತಂತೆ. ಇನ್ನೊಬ್ಬರಿಗೆ ನಾಯಕಿಯ ಮದುವೆಯಾಗಲಿಲ್ಲವೆಂದು ಬೇಜಾರು. ಓದುತ್ತ ಅತ್ತವರು ನಾಲ್ಕು ಜನ. ಒಂದು ಚೀಟಿಯಲ್ಲಿ, ಸದ್ಯ, ನಮ್ಮಲ್ಲಿ ಇಂಥದ್ದೆಲ್ಲ ಯಾವತ್ತೋ ಮುಗಿಯಿತು ಎಂದಿತ್ತು. ಎಲ್ಲರೂ ತಲೆಯಾಡಿಸಿದರು, ನಾನೂ ಆಡಿಸಿದೆ.

ಆಗ ಗೊತ್ತಾಯಿತು ನನ್ನ ಎಡವಟ್ಟು. ಉಳಿದ ಹನ್ನೊಂದು ಚೀಟಿಗಳೂ ಇಂಗ್ಲಿಷಿನಲ್ಲಿದ್ದವು. ಕನ್ನಡ ಬಳಗದಲ್ಲಿ ಕನ್ನಡದಲ್ಲಿ ಬರೆದವಳು ನಾನೊಬ್ಬಳೇ! ಕೊನೆಯ ಚೀಟಿ ಬಿಚ್ಚಿದ ವತ್ಸಲಾ, "ಅಯ್ಯೋ, ಕನ್ನಡ ಹ್ಯಾಂಡ್‌ರೈಟಿಂಗ್ ನಂಗೆ ಬೇಗ ಓದಕ್ಕಾಗಲ್ಲ. ಅತ್ತೆ, ನೀವೇ ಓದಿ" ಎಂದು ಇಂದಿರಮ್ಮನ ಕೈಗೆ ಕೊಟ್ಟಳು.

ಅವರು ಗಟ್ಟಿಯಾಗಿಯೇ ಶುರುಮಾಡಿದರು. ಚಿಪ್ಪಿನ ಹತ್ತಿರ ದನಿ ಇಳಿಯಿತು. ಲೋಟ ಒಡೆಯುವಲ್ಲಿ ನಿಲ್ಲಿಸಿ, ಕನ್ನಡಕದ ಮೇಲಿಂದ ನೋಡಿ, "ಇದು ಯಾರ ಮನೆ ಕಥೆ?" ಎಂದರು.

ಬಳಗದ ಹಿರಿಯ ಜಯದೇವ ನನ್ನತ್ತ ತಿರುಗಿ, "ಮಾನಸ, ಇಷ್ಟು ಚೆನ್ನಾಗಿ ಕನ್ನಡ ಬರಿಯೋದು ನೀವೊಬ್ರೇ. ನಿಮ್ದೇ ಅಲ್ವಾ?" ಎಂದರು. ಪಕ್ಕದಲ್ಲೇ ಶ್ರಾವ್ಯ ತನ್ನ ಹಳದಿ ತಟ್ಟೆಯಲ್ಲಿ ಬಿಸಿಬೇಳೆಬಾತ್ ತಿನ್ನುತ್ತಿದ್ದಳು. ಇಂದಿರಮ್ಮನ ಕಣ್ಣು ನನ್ನ ಮೇಲಿಂದ ಆ ತಟ್ಟೆಯ ಮೇಲೆ ಹೋಯಿತೆಂದು ಅನಿಸಿತು, ಬರೀ ನನ್ನ ಭ್ರಮೆಯೂ ಇರಬಹುದು.

ಹೇಗೋ ಪಾರಾದೆ. ಇವತ್ತೂ ಮಗಳು ಅಲ್ಲೇ ಊಟ ಮಾಡಿ ಬಂದಿದ್ದಾಳೆ. ನೀವು ಚಿಂತೆ ಮಾಡಬೇಡಿ. ಮಾತ್ರೆ ತಪ್ಪಿಸಬೇಡಿ. ನಮ್ಮ ಮೂವರನ್ನೂ ಹರಸಿ.

ನಿಮ್ಮ ಮಗಳು
ಮಾನಸ

ಮತ್ತೆ: ಹೇಗೆ ಪಾರಾದೆನೆಂದು ಬರೆಯದೆ ಲಕೋಟೆ ಅಂಟಿಸಲು ಆಗುತ್ತಿಲ್ಲ. "ನಂದೇ, ಆದ್ರೆ ಬರೀ ಕಲ್ಪನೆ. ನಮ್ಮಪ್ಪನಿಗೆ ಯಾವತ್ತೂ ಹಾಗಾಗಿಲ್ಲ" ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಇಂದಿರಮ್ಮ, "ಸದ್ಯ, ನಿಜ ಅನ್ಕೊಂಬಿಟ್ಟಿದ್ದೆ" ಎಂದು ಇನ್ನೊಂದು ಸೌಟು ಬಡಿಸಿದರು. ಮನೆಗೆ ಬರುವಾಗ ಶ್ರಾವ್ಯ ಸೈಕಲ್ ನಿಲ್ಲಿಸಿ, "ಅಮ್ಮಾ, ಹಾಗಾದ್ರೆ ಅಜ್ಜ ನಂಗೆ ಲೈ ಹೇಳಿದ್ರಾ?" ಎಂದಳು. ಹೋದ ಬೇಸಿಗೆಯಲ್ಲಿ ನೀವು ಅವಳನ್ನು ಆ ಹೋಟೆಲಿನ ಜಾಗಕ್ಕೇ ಕರೆದೊಯ್ದು ತೋರಿಸಿದ್ದಿರಿ. ನಾನು, ಮೊದಲು ಮನೆಗೆ ನಡಿ ಎಂದೆ. ಊರಿಗೆ ಬಂದಾಗ ನಿಮ್ಮನ್ನೇ ಕೇಳುತ್ತಾಳಂತೆ. ನೀವು ಹೇಳಿದ್ದನ್ನು ಅವಳು ಬಂದು ವತ್ಸಲಾ ಮನೆಯಲ್ಲಿ ಹೇಳದೆ ಬಿಡುವವಳಲ್ಲ. ಸುಳ್ಳು ಹೇಳಿ ಎಂದು ನಿಮ್ಮನ್ನು ಕೇಳಲು ನನಗೆ ಮುಖವಿಲ್ಲ. ನಿಜ ಹೇಳಿ ಎನ್ನಲು ಇನ್ನೂ ಧೈರ್ಯ ಬಂದಿಲ್ಲ ಅಪ್ಪ. ಜುಲೈ ಹದಿಮೂರಕ್ಕೆ ಟಿಕೆಟ್ ಆಗಿದೆ.