ನಿಮ್ಮಪ್ಪನ ಮುಖದ ಬಣ್ಣ

ಹಳಿಯಾಳ ತಾಲೂಕು, ನಮ್ಮ ಹಳ್ಳಿ
೨೮ ಮಾರ್ಚ್ ೨೦೨೫, ಶುಕ್ರವಾರ

ಮಗಳು ಲುಸಿಗೆ ಅವ್ವನ ಮುತ್ತು,

ಇಂದು ತಪಸ್ಸುಕಾಲದ ಶುಕ್ರವಾರ, ಉಪವಾಸ. ಕೊಟ್ಟಿಗೆ ಬಳಿದು, ಎಮ್ಮೆಗೆ ಹುಲ್ಲು ಹಾಕಿ, ಬರೀ ಕರಿ ಚಹಾ ಕುಡಿದು ಬರೆಯಲು ಕುಳಿತಿದ್ದೇನೆ. ನಿನ್ನ ಕೆಮ್ಮು ಕಡಿಮೆಯಾಯಿತೇ? ನಸುಕಿನಲ್ಲಿ ತಣ್ಣೀರು ಹಾಕಿಕೊಳ್ಳಬೇಡ. ಸಿಸ್ಟರ್ ಆಗುವವರಿಗೆ ಮೊದಲ ವರ್ಷ ಕಾನ್ವೆಂಟಿನಲ್ಲಿ ಫೋನು ಕೊಡುವುದಿಲ್ಲವೆಂದು ಈ ಕಾಗದ.

ಏಪ್ರಿಲ್ ಇಪ್ಪತ್ತಾರಕ್ಕೆ ನಿಮ್ಮಪ್ಪ ಹೋಗಿ ವರ್ಷ. ಅಂದಿನ ಪೂಜೆಗೆ ಮೊದಲು ಸಮಾಧಿಯ ಶಿಲುಬೆಗೆ ಅವರ ಫೋಟೋದ ಟೈಲ್ಸ್ ಕೂಡಿಸಬೇಕು. ರೇಷನ್ ಕಾರ್ಡಿನ ಫೋಟೋ ಯಾರದೋ ಅನ್ನುವಂತಿದೆ. ನೀನು ಹಳಿಯಾಳದ ಸ್ಟುಡಿಯೋದಲ್ಲಿ ಕೆಲಸಕ್ಕಿದ್ದಾಗ ತೆಗೆದು ತಿದ್ದಿಟ್ಟಿದ್ದು ಒಂದೇ ಗತಿ. ಸ್ಟುಡಿಯೋದ ಕಿರಣಕುಮಾರ ಅದನ್ನು ನಿನ್ನ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ತೆರೆದರೆ ನಿಮ್ಮಪ್ಪ ಹಣೆಯ ಗೆರೆ ಸಮೇತ ಎದುರಿಗೆ ಕುಳಿತಂತಿದ್ದರು. ಅದನ್ನೇ ನನ್ನ ಮೊಬೈಲಿಗೆ ಹಾಕಿದರೆ ಹಲ್ಲು, ಅಂಗಿಯ ಕಾಲರು ಬಿಟ್ಟು ಉಳಿದದ್ದೆಲ್ಲ ಕತ್ತಲೆ. ಹುಬ್ಬಳ್ಳಿಯ ಟೈಲ್ಸಿನವನಿಗೂ ಹಾಗೇ ಕಂಡಿತಂತೆ. ಫೋಟೋ ಅಚ್ಚಾದ ಟೈಲ್ಸನ್ನು ಒಮ್ಮೆ ಭಟ್ಟಿಯಲ್ಲಿ ಸುಟ್ಟ ಮೇಲೆ ತಿದ್ದಲು ಬರುವುದಿಲ್ಲ. ಕಂಪ್ಯೂಟರಿನ ಪರದೆಯದೇ ಫೋಟೋ ಮೊಬೈಲಿನಲ್ಲಿ ಹೊಡೆದುಕೊಂಡೆ. ಅವರ ಮುಖದ ಮೇಲೆ ನೇಗಿಲ ಸಾಲಿನಂಥ ಗೆರೆ ಬಂದವು.

"ಯಾವ ಬಣ್ಣ ಹೆಂಗ ಕಾಣಬೇಕಂತ ಹೇಳೋ ಚೀಟಿಯೊಂದು ಫೋಟೋಕ್ಕ ಅಂಟಿರ್ತೈತಿ ಅಕ್ಕಾ. ಎಡಿಟಿಂಗ್‌ದಾಗ ಅದನ್ನ ಓದ್ತಾರ, ಉಳಿದದ್ರಾಗ ಓದಂಗಿಲ್ಲ. ನಿಮ್ಮ ಲುಸಿ ಹೆಂಗ ಸೇವ್ ಮಾಡ್ಯಾಳೋ," ಎಂದ ಕಿರಣ. ಕಡೆಗೆ ತಾನೇ ಬೆಳಕು ಏರಿಸಿದ. ಮೋರೆ ಬೂದಿ ಬಳಿದಂತಾಯಿತು.

"ಹಿಂಗ ಮಾಡಿಕೊಟ್ರ ಮಂದಿ ಖುಷಿ ಆಗ್ತಾರ್ರೀ."

"ನಾವು ಸಿದ್ದಿ ಮಂದಿ ಅದೀವಪಾ. ಇದ್ದಾಗ ಇಡೀ ಪ್ಯಾಟಿ ಅವರನ್ನ ಕರಿಯಾ ಅಂತ ಕರೀತಿತ್ತು. ಸತ್ತ ಮ್ಯಾಲ ಯಾಕ ಬೆಳ್ಳಗ ಮಾಡ್ತೀ?" ಎಂದೆ. ಅವನು ತಲೆ ಕೆಳಗೆ ಹಾಕಿ ಮೊದಲಿನಂತೆ ಮಾಡಿಟ್ಟ.

ಮದುವೆಯ ಆಲ್ಬಮ್ಮುಗಳನ್ನು ನೀನು ಎಲ್ಲಾ ಕಡೆ ಒಂದೇ ಸಮ ಕಾಣುವಂತೆ ಮಾಡಿ ಕಳಿಸುತ್ತಿದ್ದೆಯಂತೆ. ಅದು ಹೇಗೆಂದು ಕಿರಣನಿಗೆ ತಿಳಿಯುವಂತೆ ಬರೆ. ಮರಿಯಮ್ಮ ನಿನ್ನನ್ನು ಕಾಯಲಿ. ಸಿಸ್ಟರುಗಳಿಗೆ ನನ್ನ ನಮಸ್ಕಾರ ಹೇಳು.

ನಿನ್ನ ಅವ್ವ,
ಜುಲ್ಯಾನಾ

ತಾ.ಕ.: ಒಂದು ಮಾತು ಬಿಟ್ಟಿದ್ದೆ. ಮೊದಲಿನಂತೆ ಮಾಡುವ ಮುಂಚೆ ಕಿರಣ ನಿನ್ನ ಫೋಟೋವನ್ನೂ ತಾನು ಬೆಳ್ಳಗೆ ಮಾಡಿದ್ದನ್ನೂ ಜೋಡಿಸಿಟ್ಟು, "ಪಾವ್ಲಣ್ಣ ಖರೇ ಹೆಂಗಿದ್ದ, ಬೆರಳು ಮಾಡಿ ತೋರ್ಸಕ್ಕಾ," ಎಂದ. ನಿನ್ನದನ್ನು ತೋರಿಸಿ ಬಂದೆ. ನೀನು ಮಾಡಿದ್ದೆಂದು ತೋರಿಸಿದೆ, ಗುರುತು ಹಿಡಿದಲ್ಲ. ಕಣ್ಣು ಮುಚ್ಚಿದರೆ ಅವರ ಕೆಮ್ಮು ಕೇಳುತ್ತದೆ, ಕೊಡಲಿ ಹಿಡಿದ ಕೈ ಕಾಣುತ್ತದೆ, ಮುಖ ಬರುತ್ತಿಲ್ಲ ಮಗಳೇ. ಇದನ್ನು ಯಾರಿಗೂ ಹೇಳಿಲ್ಲ. ಕಂಪ್ಯೂಟರಿನ ಮಾತಿನ ಜೊತೆ ಅಪ್ಪನ ಮುಖ ಹೇಗಿತ್ತೆಂದೂ ಬರೆ. ಆ ಹಾಳೆ ಬೇರೆ ಮಡಚು, ಕಿರಣ ಓದುವುದು ಬೇಡ. ನಿಮ್ಮತ್ತೆ ರೋಜಿ ಬರುವ ವಾರ ನೀನಿರುವ ಮುಂಡಗೋಡದ ಸಂತೆಗೆ ಬರುತ್ತಾಳೆ. ಕಾನ್ವೆಂಟಿನ ಗೇಟಿಗೆ ಹೋಗಿ ಉತ್ತರ ಇಸಿದುಕೊಂಡು ಬಾ ಎಂದು ಅವಳಿಗೆ ಹೇಳಿದ್ದೇನೆ. ಅವಳ ಕೈಗೇ ಕೊಡು.