ಆಷಾಢಕ್ಕೆ ಬೆಕ್ಕು ಬರುವುದಿಲ್ಲ

ದೊಡ್ಡನೆಕ್ಕುಂದಿ
೧೭ ಜೂನ್ ೨೦೨೫

ನನ್ನ ಮುದ್ದು ಅಮ್ಮನಿಗೆ,

ಬಟನ್ ಗೆದ್ದುಬಿಟ್ಟಳು ಅಮ್ಮ, ಆಷಾಢಕ್ಕೆ ತವರಿಗೆ ಬರುವವಳು ನಾನೊಬ್ಬಳೇ, ನನ್ನ ಬೆಕ್ಕು ಅತ್ತೆಯ ಮನೆಯಲ್ಲೇ ಉಳಿಯುತ್ತಾಳೆ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನ್ ಮಾಡಿದರೆ ನೀನು ಊಟ ಆಯ್ತಾ, ತಲೆಗೆ ಎಣ್ಣೆ ಹಚ್ಕೊಂಡ್ಯಾ ಎಂದು ಕೇಳುವುದರಲ್ಲೇ ಮುಗಿಸುತ್ತೀಯ. ಅಲ್ಲದೆ ಈ ಮನೆಯಲ್ಲಿ ಫೋನಿನ ಮಾತು ಬಚ್ಚಲುಮನೆಯವರೆಗೂ ಕೇಳಿಸುತ್ತದೆ. ಇಂಗ್ಲಿಷ್ ಮೀಡಿಯಂ ಮಗಳ ಕಾಗುಣಿತ ನೋಡಿ ನಗಬೇಡ. ನಿನ್ನ ಅಳಿಯ ಕೆಂಪರಾಜ್ ಪಕ್ಕದಲ್ಲೇ ಕೂತು ತಿದ್ದುತ್ತಿದ್ದಾರೆ. ತಿದ್ದುವುದು ಕಡಿಮೆ, ಕೂತಿರುವುದೇ ಹೆಚ್ಚು.

ಬಟನ್‌ಗೆ ಇಲಿ ಎಂದರೆ ಎಷ್ಟು ಮರ್ಯಾದೆ ಎಂದು ನಿನಗೆ ಗೊತ್ತೇ ಇದೆ. ಹೋದ ತಿಂಗಳು ಅಡುಗೆಮನೆಗೆ ಒಂದು ಇಲಿ ಬಂದಾಗ ಮುಂಗಾಲೆತ್ತಿ ಅದಕ್ಕೆ ದಾರಿ ಬಿಟ್ಟಳು. ಅವಳ ಬೇಟೆಯೆಲ್ಲ ತಾರಸಿಯಲ್ಲಿ. ಮಾವನವರು ಸೊಪ್ಪು ಬೆಳೆಯುತ್ತಿದ್ದ ಜಾಗದಲ್ಲೇ ಕಟ್ಟಿಸಿದ ಮನೆ ಇದು. ಕೆಳಗೆ ನಾವು, ಮೇಲಿನ ಎರಡು ಮಹಡಿಯಲ್ಲಿ ಬಾಡಿಗೆಯವರು, ಬಟ್ಟೆ ಒಣಗಿಸುವ ಹಗ್ಗ ಮಾತ್ರ ಎಲ್ಲರದ್ದು. ಬಟನ್ ನೀರಿನ ಟ್ಯಾಂಕಿನ ಹಿಂದೆ ಅವಿತು, ಹಿಂಭಾಗ ಅಲ್ಲಾಡಿಸಿ, ಹಾರಿ, ಮೊದಲ ಮಹಡಿಯ ಅಕ್ತರ್ ಅವರ ಕಾಲುಚೀಲವನ್ನು ಕೊಂದು ಹಾಕುತ್ತಾಳೆ. ಕಾಡುಹಂದಿ ಹೊಡೆದವಳ ಹಾಗೆ ಅಬ್ಬರಿಸುತ್ತಾ ಮೆಟ್ಟಿಲಿಳಿದು, ಬೆಳಗ್ಗೆ ರಂಗೋಲಿ ಹಾಕುವ ಅತ್ತೆಯ ಕಾಲ ಬಳಿ ಅದನ್ನು ಇಟ್ಟು, ಶಹಬ್ಬಾಸ್‌ಗಿರಿಗೆ ಕಾಯುತ್ತಾಳೆ. ಒಂದು ದಿನ ಎರಡನೇ ಮಹಡಿಯ ಸೀತಾಲಕ್ಷ್ಮಿ ಮೇಡಂ ಅವರ ರವಿಕೆಯನ್ನೇ ಎಳೆದು ತಂದಳು. ಅದರ ಮೂರು ಹುಕ್ಕು ಮೆಟ್ಟಿಲ ಮೇಲೆ ಸಿಕ್ಕವು.

ಅತ್ತೆಗೆ ತಡೆಯಲಾಗಲಿಲ್ಲ. "ಬಾಡಿಗೆ ಇಸ್ಕೊಳ್ಳೋರೇ ಬಟ್ಟೆನೂ ಕದೀತಾರೆ ಅಂತ ಆಡ್ಕೊಳ್ಳಲ್ವೇನಮ್ಮ? ಆಷಾಢಕ್ಕೆ ಹೋಗ್ತೀಯಲ್ಲ, ಇದನ್ನೂ ಎತ್ಕೊಂಡೋಗು. ವಾಪಸ್ ಬರೋವಾಗ ನೀನು ಬಂದ್ರೆ ಸಾಕು" ಎಂದರು.

ನಾನು ಸರಿ ಅತ್ತೆ ಎಂದೆ. ಮನಸ್ಸಿನಲ್ಲಿ ಮಾತ್ರ ಆಗುವುದಿಲ್ಲ ಎಂದು ತೀರ್ಮಾನಿಸಿದ್ದೆ. ಕೊರಳಿಗೆ ಗೆಜ್ಜೆ ಕಟ್ಟಿದೆ. ಸಂಗೀತದ ಸಮೇತ ಬೇಟೆ ನಡೆಯಿತು. ತಾರಸಿಯ ಬಾಗಿಲು ಹಾಕಿದೆ. ಪೈಪು ಹತ್ತಿ ಹೋದಳು. ಆಟದ ಇಲಿ ತಂದುಕೊಟ್ಟೆ. ಅದನ್ನು ಹೊತ್ತೊಯ್ದು ಅಕ್ತರ್ ಅವರ ಶೂ ಒಳಗೆ ಇಟ್ಟು ಬಂದಳು. ಆಫೀಸಿಗೆ ಹೊರಟಿದ್ದ ಅವರು ಕೂಗಿಕೊಂಡದ್ದು ರಸ್ತೆಗೆಲ್ಲ ಕೇಳಿಸಿತು. ಅಷ್ಟಾದರೂ ನಾನು ಸೋಲೊಪ್ಪಲಿಲ್ಲ.

ಮೊನ್ನೆ ಭಾನುವಾರ ರಂಗೋಲಿಯ ಪಕ್ಕದಲ್ಲಿ ಬಿದ್ದಿದ್ದದ್ದು ಒಂದು ಹಳದಿ ಕಾಲುಚೀಲ, ನನ್ನ ಹೆಬ್ಬೆರಳಿನಷ್ಟೇ ಇತ್ತು. ಅಕ್ತರ್ ಅವರ ಹೆಂಡತಿ ಇಕ್ರಾಗೆ ಹೆರಿಗೆಯಾಗಿ ಎರಡು ತಿಂಗಳಾಗಿದೆ. ಅತ್ತೆ ಮಗುವನ್ನು ನೋಡಿಯೇ ಇರಲಿಲ್ಲ. ಹಾಲಿನವನ ಬಾಯಿಂದ ಸುದ್ದಿ ತಿಳಿಯಿತಂತೆ, ನಮಗೊಂದು ಮಾತು ಹೇಳಲಿಲ್ಲವಲ್ಲ ಎಂದು ಇವರಿಗೆ ಮುನಿಸು. ಓನರ್ ಆಂಟಿ ನೋಡಲೂ ಬರಲಿಲ್ಲವಲ್ಲ ಎಂದು ಅವಳಿಗೆ ಮುನಿಸು. ನೀರಿನ ಮೋಟರ್ ವಿಷಯಕ್ಕೂ ಇಬ್ಬರೂ ನನ್ನ ಮೂಲಕವೇ ಮಾತಾಡುತ್ತಿದ್ದರು.

ಅತ್ತೆ ಆ ಕಾಲುಚೀಲವನ್ನು ಅಂಗೈಮೇಲೆ ಇಟ್ಟುಕೊಂಡು ಬೆರಳಿನಿಂದ ಸವರಿದರು. ಆಮೇಲೆ ಬಾಣಂತಿಯ ಮನೆಗೆ ಬರಿಗೈಯಲ್ಲಿ ಹೋಗಬಾರದೆಂದು ತಟ್ಟೆಯಲ್ಲಿ ಬಾಳೆಹಣ್ಣು, ಕೊಬ್ಬರಿ, ಬೆಲ್ಲ ಇಟ್ಟು, ಮೇಲೆ ಕಾಲುಚೀಲವಿಟ್ಟು ಮೆಟ್ಟಿಲು ಹತ್ತಿದರು. ನಾನು ಹಿಂದೆಯೇ ಹೋದೆ. ಇಕ್ರಾ ಬಾಗಿಲು ತೆಗೆದವಳು ತಟ್ಟೆ ನೋಡಿದಳು, ಅತ್ತೆಯ ಮುಖ ನೋಡಿದಳು. "ಬನ್ನಿ ಆಂಟಿ. ಪಾಪುನ ನೋಡೋಕೆ ನಿಮಗೆ ಬೆಕ್ಕು ಬಂದು ಕರೀಬೇಕಾಯ್ತಾ?" ಎಂದಳು. ಅತ್ತೆ, "ಬೆಕ್ಕಾದ್ರೂ ಕರೀತಲ್ಲ, ನೀನು ಕರೆದ್ಯಾ?" ಎಂದರು. ಇಬ್ಬರ ಕಣ್ಣಲ್ಲೂ ನೀರು, ಬಾಯಲ್ಲಿ ಮಾತ್ರ ಜಗಳ. ಅತ್ತೆ ಒಂದು ಗಂಟೆ ಮಗುವನ್ನು ಕಾಲಮೇಲೆ ಮಲಗಿಸಿಕೊಂಡು, ಹೀಗಾ ಎಣ್ಣೆ ಹಚ್ಚೋದು ಎಂದು ಇಕ್ರಾಗೆ ಪಾಠ ಹೇಳಿದರು.

ಕೆಳಗೆ ಬಂದ ಮೇಲೆ ಬಟನ್‌ಗೆ ಹಾಲು ಹಾಕಿ, ನನ್ನ ಕಡೆ ತಿರುಗದೆಯೇ ಹೇಳಿದರು: "ಇದು ಇಲ್ಲೇ ಇರ್ಲಿ ಬಿಡು. ಮೇಲಿನ ಮನೆಗಳಲ್ಲಿ ಏನ್ ನಡೀತಿದೆ ಅಂತ ನನಗೆ ಹೇಳೋರು ಇನ್ಯಾರಿದಾರೆ?"

ನಾನು ಸ್ನಾನದ ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಕುಣಿದೆ ಅಮ್ಮ. ಒಂದು ತಿಂಗಳು ಕೆಂಪರಾಜ್ ಮುಖ ನೋಡದೆ ಹೇಗಿರುತ್ತೇನೋ ಗೊತ್ತಿಲ್ಲ, ಆದರೆ ಬೆಕ್ಕಿನ ಚಿಂತೆಯಿಲ್ಲ. ಅಪ್ಪನಿಗೂ ಓದಿ ಹೇಳು. ಇಲ್ಲಿಗೆ ನಿಲ್ಲಿಸುತ್ತೇನೆ.

ನಿನ್ನ ಪ್ರೀತಿಯ, ಅಲ್ಲಿ ನಿಮ್ಮ ಬಿ.ಇ.ಎಂ.ಎಲ್. ನಗರದವರೆಗೂ ಕೇಳುವಷ್ಟು ಖುಷಿಯಲ್ಲಿರುವ ಮಗಳು,
ಭವ್ಯ

ಮರೆತಿದ್ದೆ: ಆ ಹಳದಿ ಕಾಲುಚೀಲವನ್ನು ತಂದದ್ದು ಬಟನ್ ಅಲ್ಲ. ಭಾನುವಾರ ಬೆಳಗ್ಗೆ ಅವಳು ಕೆಂಪರಾಜ್ ಅವರ ಹೆಲ್ಮೆಟ್ಟಿನಲ್ಲಿ ಸುರುಳಿ ಸುತ್ತಿ ಮಲಗಿದ್ದಳು. ಹಗ್ಗದಿಂದ ತೆಗೆದವಳು ನಾನು, ಮೆಟ್ಟಿಲ ಬಳಿ ಕಾವಲು ನಿಂತವರು ನಿನ್ನ ಅಳಿಯ. ನಿಜವೆನಿಸಲಿ ಎಂದು ಅದನ್ನು ಸ್ವಲ್ಪ ಕಚ್ಚಿಯೂ ಇಟ್ಟಿದ್ದೆ. ಅತ್ತೆ ಫೋನ್ ಮಾಡಿ ಬೆಕ್ಕಿನ ಬುದ್ಧಿ ಹೊಗಳಿದರೆ ನೀನೂ ಹೊಗಳು, ನಗಬೇಡ. ಆಷಾಢ ಹುಟ್ಟುವ ಮೊದಲೇ, ಸೋಮವಾರ ಸಂಜೆ ಕೆ.ಆರ್. ಪುರದಲ್ಲಿ ಹತ್ತಿ ಮಾರಿಕುಪ್ಪಂ ಪ್ಯಾಸೆಂಜರ್ ರೈಲಿನಲ್ಲಿ ಊರಿಗೆ ಬರುತ್ತೇನೆ.